ಗಲ್ಲಾದಿಂದ ಇಳಿದವನು ಗಿರಾಕಿ

ಬೆಹ್ರಾಮ್ ವಿಶ್ರಾಂತಿಗೃಹ
ಮುಂಬಯಿ–ಪುಣೆ ರಸ್ತೆ, ಲೋಣಾವಳಾ ಹತ್ತಿರ
12 ನವೆಂಬರ್ 1999

ಮಾವನವರಿಗೆ ವಸಂತಿಯ ನಮಸ್ಕಾರ.

ನಿಮ್ಮ ಮಂಡಿನೋವು ಸ್ವಲ್ಪ ಕಡಿಮೆ ಎಂದು ಅಮ್ಮ ಫೋನಿನಲ್ಲಿ ಹೇಳಿದರು. ಇಲ್ಲಿಯ ಸುದ್ದಿಯನ್ನೂ ಅವರೇ ನಿಮಗೆ ಮುಟ್ಟಿಸುತ್ತಿರಬಹುದು. ಆದರೆ ಅಮ್ಮನ ಬಾಯಿಂದ ಹೊರಟ ಸುದ್ದಿಗೆ ಉಪ್ಪು ಖಾರ ಯಾವಾಗಲೂ ಒಂದು ಮುಷ್ಟಿ ಹೆಚ್ಚು. ಅದಕ್ಕೆ ನಾನೇ ಬರೆಯುತ್ತಿದ್ದೇನೆ.

ಇವರು ತೀರಿಕೊಂಡು ಮೂರು ತಿಂಗಳಾಯಿತು. ಉತ್ತರಕ್ರಿಯೆಯ ಬೊಜ್ಜದ ಊಟ ಮುಗಿದು ನೆಂಟರೆಲ್ಲ ಬಸ್ಸು ಹತ್ತಿದ ಮಾರನೆಯ ದಿನವೇ ನಾನು ಹೋಟೆಲಿನ ಬಾಗಿಲು ತೆಗೆದೆ. ಅಡಿಗೆಯ ಭಟ್ಟರು ನನ್ನ ಮೋರೆ ನೋಡಿದರು, ನಾನು ಒಲೆ ಹಚ್ಚಿ ಅಂದೆ. ಗಲ್ಲಾದಲ್ಲಿ ನಾನೇ ಕೂರುತ್ತಿದ್ದೇನೆ. ಮೊದಲ ವಾರ ಲಾರಿಯವರು ದುಡ್ಡನ್ನು ನನ್ನ ಕೈಗೆ ಕೊಡದೆ ಮೇಜಿನ ಮೇಲೆ ಇಟ್ಟು ಹೋಗುತ್ತಿದ್ದರು. ಈಗ ಚಿಲ್ಲರೆಗಾಗಿ ನನ್ನ ಜೊತೆ ಜಗಳಾಡುತ್ತಾರೆ. ನನಗೆ ಅದೇ ಸಮಾಧಾನ.

ನಿನ್ನೆ ಕುಶಲ ಪುಣೆಯ ಧನಕವಡಿಯಿಂದ ಬಂದಿದ್ದ. ಒಡಹುಟ್ಟಿದ ಅಣ್ಣ, ತಂಗಿಯನ್ನು ನೋಡಲು ಬಂದ ಎಂದುಕೊಂಡು ನಾನು ಕಾಫಿಗಿಟ್ಟರೆ, ಅವನ ಜೊತೆ ಬಂದವನೊಬ್ಬ ಟೇಪು ಹಿಡಿದು ಊಟದ ಹಾಲ್ ಅಳೆಯುತ್ತಿದ್ದಾನೆ! ಇಲ್ಲಿ ಬಾರ್ ಮಾಡುತ್ತಾರಂತೆ, ಹಿಂದಿನ ಕೋಣೆಗಳನ್ನು ಒಡೆಯುತ್ತಾರಂತೆ. ಕೇಳಿದರೆ, “ಮಾವನಿಗೆ ಎಲ್ಲ ಗೊತ್ತುಂಟು ವಸಂತಿ, ನೀನು ಮಂಡೆ ಬಿಸಿ ಮಾಡಬೇಡ” ಎಂದ.

ನಿಮಗೆ ಗೊತ್ತುಂಟಾ? ನೀವು ಇವರ ಬೊಜ್ಜಕ್ಕೆ ಬರಲಿಲ್ಲ, ನಾನು ಕಾರಣ ಕೇಳಲಿಲ್ಲ. ಇದನ್ನು ಮಾತ್ರ ಕೇಳುತ್ತಿದ್ದೇನೆ. ಉತ್ತರ ಏನೇ ಇರಲಿ, ನಾನು ಇಲ್ಲಿಂದ ಏಳುವುದಿಲ್ಲ.

ನಿಮ್ಮ ತಂಗಿಯ ಮಗಳು,
ವಸಂತಿ


ಕಿನ್ನಿಗೋಳಿ
30 ನವೆಂಬರ್ 1999

ಚಿ. ವಸಂತಿಗೆ ಸುಬ್ಬಯ್ಯ ಮಾವನ ಆಶೀರ್ವಾದ.

ಕವರಿನ ಮೇಲೆ ಅಭ್ಯಾಸದಂತೆ ‘ಸೌ.’ ಎಂದು ಬರೆದುಬಿಟ್ಟೆ. ಆಮೇಲೆ ಅದನ್ನು ಹರಿದು ಬೇರೆ ಕವರು ತರಿಸಿದೆ. ಹೊಟ್ಟೆ ಉರಿಯಿತು ಮಗಾ. ನಿನ್ನ ವಯಸ್ಸೇನು, ಆ ಹುಡುಗನ ವಯಸ್ಸೇನು.

ಹೌದು, ಕುಶಲನನ್ನು ಕಳುಹಿಸಿದ್ದು ನಾನೇ. ಗುಡ್ಡ ಕೊರೆದು ಹೊಸ ರಸ್ತೆ ಮಾಡುತ್ತಿದ್ದಾರೆ ಎಂದು ನಿನಗೆ ಗೊತ್ತಿಲ್ಲವಾ? ಅದು ಪೂರ್ತಿಯಾದ ದಿನ ನಮ್ಮ ರಸ್ತೆಯಲ್ಲಿ ನಾಯಿ ಕೂಡ ನಿಲ್ಲುವುದಿಲ್ಲ. ಗಾಳಿ ಬಂದಾಗ ತೂರಿಕೊಳ್ಳಬೇಕು. ಮೇಲಿಂದ ನೀನು ಒಂಟಿ ಹೆಂಗಸು, ಲಾರಿ ನಿಲ್ಲುವ ಜಾಗ. ನಮ್ಮ ಕುಟುಂಬದಲ್ಲಿ ಆಸ್ತಿ ಹೆಣ್ಣಿನ ಕಡೆಯಿಂದ ಇಳಿಯುತ್ತದೆ, ಒಪ್ಪಿದೆ. ಆದರೆ ಗಲ್ಲಾದಲ್ಲಿ ಕೂರುವುದು ಗಂಡಸು.

ಈಗ ನಿನ್ನ ಗಂಡ ಶ್ಯಾಮನ ವಿಷಯ, ನಾನು ಬೊಜ್ಜಕ್ಕೆ ಯಾಕೆ ಬರಲಿಲ್ಲ ಎಂಬುದು. ಆ ಹೋಟೆಲುಮನೆಯ ಕಟ್ಟಳೆಯನ್ನು ನಾನು ಊಟದ ಹೊತ್ತಿಗೆ ಎಷ್ಟು ಸಲ ಹೇಳಿಲ್ಲ! ಘಾಟಿ ಹತ್ತಿ ಬಂದ ಲಾರಿಗಳು ಎಂಜಿನ್ ತಣಿಸಲು ನಿಲ್ಲುವ ಜಾಗ ನೋಡಿ ಬೆಹ್ರಾಮ್ ಶೇಠ್ ಎಂಬ ಇರಾನಿ ಚಹಾದಂಗಡಿ ಹಾಕಿದ, ಆಮೇಲೆ ಹಿಂದೆ ಕೋಣೆ ಕಟ್ಟಿಸಿದ. ಅವನಿಗೆ ಮಕ್ಕಳಿರಲಿಲ್ಲ. ವಯಸ್ಸಾದಾಗ ಅಡಿಗೆಯ ಗೌರಾಬಾಯಿಯನ್ನು ಕರೆದು ಗಲ್ಲಾದಲ್ಲಿ ಕೂರಿಸಿದ. ಅವಳು ಬೇಡವೆಂದು ಅತ್ತಳಂತೆ. ಶೇಠ್ ಹಿಂಬಾಗಿಲಿಂದ ಹೊರಗೆ ಹೋಗಿ, ಕಟ್ಟಡಕ್ಕೆ ಸುತ್ತು ಹಾಕಿ, ಮುಂಬಾಗಿಲಿಂದ ಒಳಗೆ ಬಂದ. ಬೆಂಚಿನಲ್ಲಿ ಕೂತು ಊಟ ತರಿಸಿ ಉಂಡ, ಗಲ್ಲಾಕ್ಕೆ ಬಂದು ಅವಳಿಗೆ ಊಟದ ದುಡ್ಡು ಕೊಟ್ಟ. ಅವಳು ತೆಗೆದುಕೊಂಡಳು. ‘ಗಲ್ಲಾದಿಂದ ಇಳಿದವನು ಗಿರಾಕಿ’ ಎಂದು ಹೇಳಿ ಹೋದವನು ಮತ್ತೆಂದೂ ಗಲ್ಲಾದ ಆಚೆ ಕಾಲಿಡಲಿಲ್ಲ. ಪ್ರತಿ ವರ್ಷ ಬರುತ್ತಿದ್ದ, ಉಣ್ಣುತ್ತಿದ್ದ, ದುಡ್ಡು ಕೊಡುತ್ತಿದ್ದ.

ಗೌರಾಬಾಯಿ ನನಗೆ ಒಪ್ಪಿಸಿದಾಗಲೂ ಹಾಗೆಯೇ. ಚಿಕ್ಕಂದಿನಲ್ಲೇ ಅಲ್ಲಿ ಕೆಲಸಕ್ಕೆ ಸೇರಿದ ನನ್ನನ್ನು ತಾಯಿಯ ಹಾಗೆ ಸಾಕಿದ ಹೆಂಗಸು. ಅವಳ ಕೈಯಿಂದ ಊಟದ ದುಡ್ಡು ತೆಗೆದುಕೊಳ್ಳುವಾಗ ನನಗೆ ಬೆಂಕಿ ಮುಟ್ಟಿದ ಹಾಗಾಯಿತು. ಆದರೂ ತೆಗೆದುಕೊಂಡೆ. ಎತ್ತು ಏರಿಗೆ, ಕೋಣ ನೀರಿಗೆ ಎಳೆದರೆ ಗಾಡಿ ನಡೆಯುವುದಿಲ್ಲ. ಒಂದು ಮನೆಗೆ ಒಬ್ಬನೇ ಯಜಮಾನ.

ನಿನ್ನ ಗಂಡನಿಗೆ ಒಪ್ಪಿಸುವ ದಿನ ನಾನೂ ಮುಂಬಾಗಿಲಿಂದ ಬಂದೆ, ಉಂಡೆ, ನೋಟು ಚಾಚಿದೆ. ಆ ಪುಣ್ಯಾತ್ಮ ಗಲ್ಲಾದಿಂದ ಎದ್ದು ಬಂದು ನನ್ನ ಕಾಲು ಮುಟ್ಟಿ, “ಮಾವ, ನಿಮ್ಮಿಂದ ದುಡ್ಡಾ? ಇದು ನಿಮ್ಮದೇ ಅಲ್ಲವಾ?” ಎಂದು ನೋಟನ್ನು ನನ್ನ ಕಿಸೆಗೇ ತುರುಕಿದ. ಸುತ್ತಲಿದ್ದವರು ಎಂಥ ವಿನಯ ಎಂದು ಹೊಗಳಿದರು. ನಾನು ಆ ದಿನವೇ ರೈಲು ಹತ್ತಿದೆ. ಹೇಳಿ ಮಾಡಿಸುವ ಕೆಲಸವಲ್ಲ ಅದು. ಅಂದಿನಿಂದ ಆ ಮನೆಯಲ್ಲಿ ನಾನು ಯಜಮಾನನೂ ಅಲ್ಲ, ಗಿರಾಕಿಯೂ ಅಲ್ಲ. ಯಾವ ಬಾಗಿಲಿಂದ ಬರಬೇಕಿತ್ತು, ಹೇಳು?

ಆದ್ದರಿಂದ ಅದು ಇವತ್ತಿಗೂ ನನ್ನದೇ. ಏಪ್ರಿಲಿನ ಬಿಸು ಹಬ್ಬದೊಳಗೆ ಕುಶಲನಿಗೆ ಬಿಟ್ಟುಕೊಟ್ಟು ಊರಿಗೆ ಬಾ. ನಿನಗೆ ಯಾವುದಕ್ಕೂ ಕಡಿಮೆ ಮಾಡುವುದಿಲ್ಲ.

ಇತಿ,
ಸುಬ್ಬಯ್ಯ ಶೆಟ್ಟಿ


ಲೋಣಾವಳಾ ಹತ್ತಿರ
22 ಜನವರಿ 2000

ಮಾವನವರಿಗೆ ನಮಸ್ಕಾರ.

ನಿಮ್ಮ ಕಾಗದವನ್ನು ಇಷ್ಟು ದಿನ ಇಟ್ಟುಕೊಂಡಿದ್ದೆ. ಸಿಟ್ಟಿನಲ್ಲಿ ಬರೆಯಬಾರದು ಎಂದು ಕಾದೆ. ಸಿಟ್ಟು ಹೋಗಲಿಲ್ಲ, ಹಾಗಾಗಿ ಬರೆಯುತ್ತಿದ್ದೇನೆ.

ಗಲ್ಲಾದಲ್ಲಿ ಕೂರುವುದು ಗಂಡಸು ಎಂದಿರಿ. ಅದರ ಕೆಳಗೇ ಗೌರಾಬಾಯಿಯ ಕಥೆ ಬರೆದಿರಿ. ನಿಮ್ಮನ್ನು ಆ ಕುರ್ಚಿಯಲ್ಲಿ ಕೂರಿಸಿದ್ದು ಯಾರು ಮಾವ? ಅವಳು ಹೆಂಗಸಲ್ಲವಾ? ಆಗ ಲಾರಿಗಳು ನಿಲ್ಲುತ್ತಿರಲಿಲ್ಲವಾ?

ಇವರ ಬಗ್ಗೆ ನೀವು ಹೇಳಿದ್ದು ಓದಿ ಅಳು ಬಂತು. ಆ ದಿನ ಇವರು ಎಷ್ಟು ಸಂತೋಷದಲ್ಲಿದ್ದರು ನಿಮಗೆ ಗೊತ್ತಿಲ್ಲ. “ಮಾವನಿಗೆ ನಾನು ಕೊಟ್ಟ ಮರ್ಯಾದೆ ನೋಡಿದಿಯಾ?” ಎಂದು ನನ್ನ ಹತ್ತಿರ ಹೇಳಿದ್ದರು. ನಿಮ್ಮ ಕಥೆ ಇವರಿಗೆ ಗೊತ್ತಿತ್ತು. ಆದರೆ ಇರಾನಿಯೂ ಗೌರಾಬಾಯಿಯೂ ಒಬ್ಬರಿಗೊಬ್ಬರು ಹೊರಗಿನವರು, ಅದಕ್ಕೆ ದುಡ್ಡಿನ ಲೆಕ್ಕ, ನಾವು ಮನೆಯವರಲ್ಲವಾ ಎಂದು ತಿಳಿದಿದ್ದರು. ನೀವು ಯಾಕೆ ಬರುವುದಿಲ್ಲ ಎಂದು ಪ್ರತಿ ದೀಪಾವಳಿಗೂ ಕೇಳುತ್ತಿದ್ದರು. ಒಂದು ಮಾತು ಹೇಳಬಹುದಿತ್ತು ನೀವು.

ಇರಲಿ. ಇಲ್ಲಿಯ ಸುದ್ದಿ ಕೇಳಿ. ಹೊಸ ರಸ್ತೆ ಕೊರೆಯಲು ಕಲಬುರಗಿ ಕಡೆಯ ಒಂದು ಗುಂಪು ಬಂದಿದೆ, ಕಾಶಪ್ಪ ಎಂಬವನು ಮುಖ್ಯಸ್ಥ. ಡೇರೆಯಲ್ಲಿ ಚಳಿ ತಡೆಯದೆ ನಮ್ಮ ಹಿಂದಿನ ಕೋಣೆಗಳನ್ನು ತಿಂಗಳ ಬಾಡಿಗೆಗೆ ಹಿಡಿದಿದ್ದಾರೆ. ಮೂರನೆಯ ದಿನ ಅವನ ಹೆಂಡತಿ ಅವ್ವಮ್ಮ ಸೀದಾ ಗಲ್ಲಾಕ್ಕೆ ಬಂದಳು.

“ಅಕ್ಕಾರ, ನಿಮ್ಮ ಊಟ ಚಲೋ ಅದ ರೀ, ಆದ್ರ ನಮ್ಮ ಗಂಡಸ್ರಿಗೆ ಅನ್ನ ಹೊಟ್ಟಿಗೆ ನಿಲ್ಲಂಗಿಲ್ಲ. ಕಲ್ಲು ಒಡಿಯೋ ಮಂದಿ ಭಾಳ ಹಸಿತಾರ. ಒಂದು ಒಲಿ ಕೊಡ್ರಿ, ರೊಟ್ಟಿ ನಾ ಬಡಿತೀನಿ.”

ಕೊಟ್ಟೆ. ಭಟ್ಟರು ಎರಡು ದಿನ ಮಾತು ಬಿಟ್ಟರು. ಮೂರನೆಯ ದಿನ ನೋಡಿದರೆ ಮೂಲೆಯಲ್ಲಿ ಕೂತು ಬಿಸಿ ಜೋಳದ ರೊಟ್ಟಿಗೆ ಬೆಣ್ಣೆ ಸವರಿಕೊಂಡು ತಿನ್ನುತ್ತಿದ್ದಾರೆ. ಈಗ ಲಾರಿಯವರೂ ರೊಟ್ಟಿ ಕೇಳುತ್ತಾರೆ. ಅವ್ವಮ್ಮನಿಗೆ ಸಂಬಳ ಗೊತ್ತು ಮಾಡಿದ್ದೇನೆ.

ನಮ್ಮ ರಸ್ತೆಯನ್ನು ಕೊಲ್ಲಲು ಬಂದವರೇ ಸದ್ಯಕ್ಕೆ ನಮಗೆ ಅನ್ನ ಕೊಡುತ್ತಿದ್ದಾರೆ. ಇದು ನನಗೂ ಗೊತ್ತುಂಟು, ನೀವು ಬರೆದು ತಿಳಿಸುವುದು ಬೇಡ.

ವಸಂತಿ


ಕಿನ್ನಿಗೋಳಿ
14 ಫೆಬ್ರವರಿ 2000

ವಸಂತಿಗೆ,

ನಾನು ಮುಳ್ಳುಸೌತೆ ಹುಳಿ, ನೀರುದೋಸೆಯಲ್ಲಿ ಹೆಸರು ಮಾಡಿದ ಅಡಿಗೆಮನೆಯಲ್ಲಿ ಈಗ ರೊಟ್ಟಿ ಬಡಿಯುತ್ತಾರೆ! ಸಂತೋಷ. ನಾಳೆ ಅಲ್ಲಿ ಇನ್ನೇನು ಬಡಿಯುತ್ತಾರೋ.

ಗೌರಾಬಾಯಿಯ ಹೆಸರು ಹಿಡಿದು ನನ್ನ ಬಾಯಿ ಮುಚ್ಚಿಸಬೇಡ. ಅವಳು ಒಮ್ಮೆ ಕುಡಿದು ಬಂದ ಡ್ರೈವರನನ್ನು ಸೌಟಿನಲ್ಲಿ ಹೊಡೆದು, ಆಮೇಲೆ ಅವನಿಗೇ ಮಜ್ಜಿಗೆ ಕುಡಿಸಿ ಮಲಗಿಸಿದವಳು. ನಿನಗೆ ಬೆಕ್ಕನ್ನು ಓಡಿಸಲಿಕ್ಕೂ ಬರುವುದಿಲ್ಲ.

ಬಾರಿಗೆ ದುಡ್ಡು ಹಾಕುವ ಕುಶಲನ ಪಾರ್ಟಿ ಅವಸರ ಮಾಡುತ್ತಿದೆ. ಬಿಸುವಿನ ದಿನ ನಾನೇ ಬರುತ್ತೇನೆ. ಬೀಗದ ಕೈ ತಯಾರಿರಲಿ.

ಸುಬ್ಬಯ್ಯ


ಲೋಣಾವಳಾ ಹತ್ತಿರ
6 ಮಾರ್ಚ್ 2000

ಮಾವನವರಿಗೆ ನಮಸ್ಕಾರ.

ಬನ್ನಿ. ಮತ್ಸ್ಯಗಂಧ ರೈಲಿನಲ್ಲಿ ಬಂದು ಪನ್ವೇಲಿನಲ್ಲಿ ಇಳಿದರೆ ಎಸ್ಟಿ ಬಸ್ಸು ನಮ್ಮ ಬಾಗಿಲಲ್ಲೇ ನಿಲ್ಲುತ್ತದೆ. ಮಂಡಿಗೆ ಪಟ್ಟಿ ಕಟ್ಟಿಕೊಂಡು ಬನ್ನಿ, ಘಾಟಿಯಲ್ಲಿ ಕುಲುಕಾಟ ಜಾಸ್ತಿ.

ಬೀಗದ ಕೈ ಕೊಡುವುದಿಲ್ಲ. ನೀವು ಕಿತ್ತುಕೊಂಡರೆ ಕಾಗದಪತ್ರದ ಪ್ರಕಾರ ನಾನು ತಡೆಯಲಾರೆ, ಎಲ್ಲವೂ ನಿಮ್ಮ ಹೆಸರಿನಲ್ಲೇ ಉಂಟು. ಆಗ ನಾನು ಎದುರಿನ ಮರದ ಕೆಳಗೆ ಒಲೆ ಹೂಡುತ್ತೇನೆ. ಕುಶಲನ ಬಾರಿನಲ್ಲಿ ಕುಡಿದವರಿಗೆ ಹಸಿವಾದಾಗ ನನ್ನ ಹತ್ತಿರವೇ ಬರುತ್ತಾರೆ. ಹೆದರಿಸುತ್ತಿಲ್ಲ, ಹೇಳಿ ಇಡುತ್ತಿದ್ದೇನೆ.

ಯಾವ ಬಾಗಿಲಿಂದ ಬರಲಿ ಎಂದು ಕೇಳಿದ್ದಿರಿ. ಮುಂಬಾಗಿಲಿಂದ ಬನ್ನಿ ಮಾವ. ಕೂತು ಉಣ್ಣಿ. ನಾನು ಶ್ಯಾಮ ಅಲ್ಲ.

ವಸಂತಿ


ಕಿನ್ನಿಗೋಳಿ
21 ಏಪ್ರಿಲ್ 2000

ಚಿ. ಕುಶಲನಿಗೆ ಮಾವನ ಆಶೀರ್ವಾದ.

ಬಿಸುವಿನ ದಿನ ಏನಾಯಿತು, ಬೀಗದ ಕೈ ಸಿಕ್ಕಿತಾ ಎಂದು ನೀನು ಎರಡು ಸಲ ಫೋನ್ ಮಾಡಿದ್ದೀಯಂತೆ. ಫೋನಿನಲ್ಲಿ ಹೇಳುವ ಸಂಗತಿ ಅಲ್ಲ, ಬರೆಯುತ್ತೇನೆ, ನಿಧಾನವಾಗಿ ಓದು.

ನಾನು ಹೋದದ್ದು ಬೀಗದ ಕೈ ತರಲಿಕ್ಕೇ. ನಡುಮಧ್ಯಾಹ್ನ ಬಸ್ಸು ಇಳಿದೆ. ಸುಡುಬಿಸಿಲು, ಮಂಡಿ ಪ್ರಾಣ ಹಿಂಡುತ್ತಿತ್ತು. ಮುಂಬಾಗಿಲಲ್ಲಿ ನಿಂತರೆ ಒಳಗೆ ಕಾಲಿಡಲು ಜಾಗವಿಲ್ಲ. ಮೈತುಂಬ ಕಲ್ಲುಪುಡಿ ಮೆತ್ತಿಕೊಂಡ ಜನ ಸಾಲಾಗಿ ಕೂತು ಉಣ್ಣುತ್ತಿದ್ದಾರೆ. ನಿನ್ನ ತಂಗಿ ಗಲ್ಲಾದಲ್ಲಿದ್ದಳು. ನನ್ನನ್ನು ನೋಡಿದಳು. ಓಡಿ ಬರುತ್ತಾಳೆ, ಚೀಲ ತೆಗೆದುಕೊಳ್ಳುತ್ತಾಳೆ ಎಂದುಕೊಂಡೆ. ಏಳಲಿಲ್ಲ! “ಬನ್ನಿ. ಆ ಮೂಲೆಯ ಮೇಜು ಈಗ ಖಾಲಿಯಾಗುತ್ತದೆ, ಸ್ವಲ್ಪ ನಿಲ್ಲಿ” ಎಂದಳು. ಎಲ್ಲರಿಗೂ ಹೇಳುವ ಹಾಗೆ.

ಮೂವತ್ತು ವರ್ಷ ಆಳಿದ ಮನೆಯಲ್ಲಿ ನಾನು ಮಾರಾಯ, ಕಾಶಪ್ಪ ಎಂಬವನ ಬೆನ್ನ ಹಿಂದೆ ಜಾಗಕ್ಕಾಗಿ ಕಾದು ನಿಂತೆ. ಮೈಯೆಲ್ಲ ಉರಿಯಿತು. ಆ ಕಾಶಪ್ಪನೇ ತಿರುಗಿ ನೋಡಿ, “ಬರ್ರಿ ಯಜಮಾನ್ರ, ಕುಂದರ್ರಿ, ನಂದು ಮುಗೀತು” ಎಂದು ಎದ್ದು ಜಾಗ ಕೊಟ್ಟ. ನಾನು ಯಾರೆಂದು ಅವನಿಗೆ ಗೊತ್ತಿರಲಿಲ್ಲ. ವಯಸ್ಸಾದವನೆಂದು ಕೊಟ್ಟದ್ದು.

ಊಟ ಬಂತು. ರೊಟ್ಟಿ ಮುಟ್ಟಬಾರದೆಂದು ಹಟ ಮಾಡಿದ್ದೆ. ಮುಟ್ಟಿದೆ. ಎರಡನೆಯದನ್ನೂ ಕೇಳಿದೆ. ನಮ್ಮ ಹುಳಿಯ ಜೊತೆ ಅದು ಹೊಂದುವುದಿಲ್ಲ ಎಂದು ಯಾರಾದರೂ ಹೇಳಿದರೆ ನಂಬಬೇಡ.

ಕೈ ತೊಳೆದು ಗಲ್ಲಾದ ಮುಂದೆ ನಿಂತು ನೋಟು ಚಾಚಿದೆ. ಕುಶಲಾ, ಇವಳೂ ಕಾಲು ಹಿಡಿದರೆ ನನ್ನ ಕಥೆ ಮುಗಿಯಿತು, ಕೀಲಿಕೈ ಕಿತ್ತುಕೊಂಡು ಆ ಮನೆಯ ಮುಖವನ್ನು ಮತ್ತೆ ನೋಡುವುದಿಲ್ಲ ಎಂದುಕೊಂಡಿದ್ದೆ. ಹಿಡಿಯಬಾರದು ಎಂದು ಒಳಗೊಳಗೇ ಬೇಡುತ್ತಲೂ ಇದ್ದೆ. ಅವಳು ನೋಟು ತೆಗೆದುಕೊಂಡಳು. ಬೆಳಕಿಗೆ ಹಿಡಿದು ನೋಡಿ ಡ್ರಾವರಿಗೆ ಹಾಕಿದಳು. ಹೆಚ್ಚಿಗೆ ಕುಡಿದ ಮಜ್ಜಿಗೆಗೂ ಹಿಡಿದುಕೊಂಡು ಚಿಲ್ಲರೆ ಕೊಟ್ಟಳು. ಸೋಂಪಿನ ತಟ್ಟೆ ಮುಂದಕ್ಕೆ ತಳ್ಳಿ, “ಊಟ ಹೇಗಿತ್ತು?” ಎಂದು ಕೇಳಿದಳು.

ನಾನು ಸೋಂಪು ಬಾಯಿಗೆ ಹಾಕಿಕೊಂಡೆ. ಹೊರಗೆ ಬಂದು ಜಗಲಿಯ ಬೆಂಚಿನಲ್ಲಿ ಕೂತು ಅತ್ತೆ. ಶ್ಯಾಮ ಹೋದಾಗ ಅಳಬೇಕಾಗಿದ್ದದ್ದು ಕೂಡ ಆಗಲೇ ಬಂತು. ಸ್ವಲ್ಪ ಹೊತ್ತಿಗೆ ಅವಳು ಹೊರಗೆ ಬಂದಳು. ಜಗಲಿಯಲ್ಲಿ ನನ್ನ ಕಾಲಿಗೆ ಬಿದ್ದು, “ಒಳಗೆ ಏಳಬಾರದಿತ್ತು ಮಾವ, ಅದಕ್ಕೆ ಎದ್ದಿಲ್ಲ” ಎಂದಳು. ಅವಳೂ ಅತ್ತಳು. ಆಮೇಲೆ ಯಾರೋ ಬಿಲ್ಲು ಕೊಡಲು ಕರೆದರು, ಸೆರಗಿನಲ್ಲಿ ಮೋರೆ ಒರೆಸಿಕೊಂಡು ಒಳಗೆ ಹೋದಳು.

ಮರುದಿನ ವಕೀಲರಲ್ಲಿ ಹೋಗಿ ಎಲ್ಲವನ್ನೂ ಅವಳ ಹೆಸರಿಗೆ ಮಾಡಿಸಲು ಹೇಳಿ ಬಂದಿದ್ದೇನೆ. ನಿನ್ನ ಪಾರ್ಟಿಗೆ ಏನು ಹೇಳಬೇಕು ಎಂದು ನನ್ನನ್ನು ಕೇಳಬೇಡ. ಅಲ್ಲಿಯ ಯಜಮಾನರನ್ನು ಕೇಳು. ಒಪ್ಪುವುದಿಲ್ಲ ಎಂದು ನನಗೆ ಅನ್ನಿಸುತ್ತದೆ. ತಂಗಿಯ ಮೇಲೆ ಸಿಟ್ಟಿಟ್ಟುಕೊಳ್ಳಬೇಡ, ನಿನಗೆ ಧನಕವಡಿಯಲ್ಲಿ ಒಳ್ಳೆಯ ಹೋಟೆಲುಂಟು.

ಇತಿ ನಿನ್ನ ಮಾವ,
ಸುಬ್ಬಯ್ಯ


ಲೋಣಾವಳಾ ಹತ್ತಿರ
18 ಜೂನ್ 2002

ಪ್ರೀತಿಯ ಮಾವನಿಗೆ ನಮಸ್ಕಾರ.

ನೀವು ಹೇಳಿದ ದಿನ ಬಂದಿದೆ. ಹೊಸ ರಸ್ತೆ ಪೂರ್ತಿಯಾಗಿದೆ. ಕಾರುಗಳೆಲ್ಲ ಅಲ್ಲಿ. ಲಾರಿಗಳು ಟೋಲ್ ಕೊಡಬೇಕಲ್ಲ ಎಂದು ನಾನು ನಂಬಿದ್ದೆ, ಅವರಿಗೂ ಸಮಯವೇ ದೊಡ್ಡದಾಯಿತು. ಒಂದೊಂದು ಹೊತ್ತು ರಸ್ತೆಯಲ್ಲಿ ಆಡುಗಳು ಮಲಗಿರುತ್ತವೆ.

ಕಾಶಪ್ಪನ ಗುಂಪು ಇಂದಾಪುರದ ಕಡೆ ಬೇರೆ ಕೆಲಸಕ್ಕೆ ಹೋಯಿತು. ಅವ್ವಮ್ಮ ಹೊರಡುವಾಗ, “ರಸ್ತಾ ಮುಗೀತು ಅಕ್ಕಾರ, ನಮ್ಮ ಋಣಾನೂ ಮುಗೀತು. ನಾವೇ ಮಾಡಿದ ರಸ್ತಾ ನಿಮಗ ಹಿಂಗ ಮಾಡ್ತದಂತ ಗೊತ್ತಿರಲಿಲ್ಲ ರೀ” ಎಂದು ನನ್ನ ಕೈ ಹಿಡಿದುಕೊಂಡಳು. ಅವಳ ತಪ್ಪೇನು. ರೊಟ್ಟಿ ಬಡಿಯುವುದನ್ನು ಕಲಿಸಿ ಹೋಗಿದ್ದಾಳೆ. ನನ್ನದು ಇನ್ನೂ ನಕ್ಷೆಯ ಹಾಗೆ ಬರುತ್ತದೆ.

ನಿನ್ನೆ ಮಧ್ಯಾಹ್ನ ಮಾಡಿದ ಅನ್ನ ಹಾಗೆಯೇ ಉಳಿಯಿತು. ಭಟ್ಟರು ಅದನ್ನು ಆಡುಗಳಿಗೆ ಸುರಿದು ಬಂದರು, ಅದೇ ನನಗೆ ಹೆಚ್ಚು ಚುಚ್ಚಿತು. ಕುಶಲ ಫೋನ್ ಮಾಡಿದ್ದ. ಧನಕವಡಿಯಲ್ಲಿ ಅಡಿಗೆಮನೆ ನೋಡಿಕೊಂಡು ಇರು ಎಂದ. ಒಳ್ಳೆಯ ಮನಸ್ಸಿನಿಂದಲೇ ಹೇಳಿದ.

ನಾನು ಎಂದೂ ಹೀಗೆ ಕೇಳಿದವಳಲ್ಲ. ಈಗ ಕೇಳುತ್ತೇನೆ. ನೀವು ಆ ಕುರ್ಚಿಯಲ್ಲಿ ಮೂವತ್ತು ವರ್ಷ ಕೂತವರು. ಹೇಳಿ ಮಾವ, ಬಾಗಿಲು ಹಾಕಲಾ?

ವಸಂತಿ


ಕಿನ್ನಿಗೋಳಿ
27 ಜೂನ್ 2002

ಬೆಹ್ರಾಮ್ ವಿಶ್ರಾಂತಿಗೃಹದ ಮಾಲಕರಿಗೆ,

ನಿಮ್ಮ ಕಾಗದ ತಲುಪಿತು. ಬಾಗಿಲು ಹಾಕಬೇಕಾ ಬೇಡವಾ ಎಂಬುದು ಗಿರಾಕಿಯನ್ನು ಕೇಳುವ ಪ್ರಶ್ನೆಯಲ್ಲ. ಊಟ ಹೇಗಿತ್ತು ಎಂದು ಕೇಳಿ, ಹೇಳುತ್ತೇನೆ. ಕಳೆದ ಸಲ ಹುಳಿಗೆ ಕೊತ್ತಂಬರಿ ಸಾಲದಾಗಿತ್ತು. ಕೋಣೆಯ ಕಿಟಕಿ ಸರಿಯಾಗಿ ಮುಚ್ಚುವುದಿಲ್ಲ, ಮಳೆ ಬಂದರೆ ಹಾಸಿಗೆ ಒದ್ದೆ.

ನಿಮ್ಮ ಮಾವನನ್ನು ಕೇಳಿದ್ದರೆ, ಸಾಕು ಮಗಾ ಊರಿಗೆ ಬಾ, ಎಂದು ಅಳುತ್ತಾ ಬರೆದುಬಿಡುತ್ತಿದ್ದ. ಮುದುಕ, ಅವನ ಮನಸ್ಸು ಮೆತ್ತಗಾಗಿದೆ. ಅದಕ್ಕೇ ಈ ಕಾಗದವನ್ನು ಅವನ ಕೈಯಲ್ಲಿ ಬರೆಸಿಲ್ಲ.

ಆಟಿ ತಿಂಗಳಲ್ಲಿ, ಜುಲೈ ಕೊನೆಗೆ, ನಾನು ಆ ಕಡೆ ಬರುವವನಿದ್ದೇನೆ. ಘಾಟಿ ಹತ್ತುವಷ್ಟರಲ್ಲಿ ಚೆನ್ನಾಗಿ ಹಸಿದಿರುತ್ತೇನೆ. ಬಾಗಿಲು ತೆಗೆದಿದ್ದರೆ ಉಣ್ಣುತ್ತೇನೆ. ಹಾಕಿದ್ದರೆ ಮುಂದಿನ ಊರಿಗೆ ಹೋಗುತ್ತೇನೆ. ಗಿರಾಕಿಗೆ ಅಷ್ಟೇ ತಿಳಿದದ್ದು.

ಒಂದು ಕೋಣೆ ಬೇಕು, ನಾಲ್ಕು ದಿನಕ್ಕೆ.

ತಮ್ಮ ವಿಶ್ವಾಸಿ,
ಸುಬ್ಬಯ್ಯ ಶೆಟ್ಟಿ


ಲೋಣಾವಳಾ ಹತ್ತಿರ
9 ಜುಲೈ 2002

ಶ್ರೀ ಸುಬ್ಬಯ್ಯ ಶೆಟ್ಟರಿಗೆ,

ನಿಮ್ಮ ಕಾಗದ ಬಂದ ದಿನ ಮೂರು ಸಲ ಓದಿದೆ. ಎರಡು ಸಲ ಬೈದೆ. ಆಮೇಲೆ ಬಡಗಿಯನ್ನು ಕರೆಸಿ ಕಿಟಕಿ ಸರಿಮಾಡಿಸಿದೆ.

ಹೊಸ ರಸ್ತೆಯಲ್ಲಿ ಬೈಕುಗಳನ್ನು ಬಿಡುವುದಿಲ್ಲ. ಇದು ನನ್ನ ತಲೆಗೆ ಹೊಳೆದೇ ಇರಲಿಲ್ಲ. ಮಳೆ ಹಿಡಿದದ್ದೇ ತಡ, ಪುಣೆಯ ಹುಡುಗ ಹುಡುಗಿಯರು ಬೈಕಿನಲ್ಲಿ ನಮ್ಮ ರಸ್ತೆ ಹಿಡಿದು ಜಲಪಾತ ನೋಡಲು ಬರುತ್ತಿದ್ದಾರೆ. ತೊಯ್ದು ತೊಪ್ಪೆಯಾಗಿ ಬರುತ್ತಾರೆ, ಒಲೆಯ ಹತ್ತಿರ ಕೂತು ಬಿಸಿ ರೊಟ್ಟಿ ತಿನ್ನುತ್ತಾರೆ, ನಕ್ಷೆಯ ಹಾಗಿದೆ ಎಂದು ಯಾರೂ ದೂರಿಲ್ಲ. ಭಾನುವಾರ ಭಟ್ಟರ ಬೊಬ್ಬೆ ರಸ್ತೆಗೆ ಕೇಳುತ್ತದೆ. ಇದು ಮಳೆಗಾಲದ ಮಾತು. ಬೇಸಿಗೆಗೆ ಏನು ಮಾಡಬೇಕು ಎಂದು ನಾನು ಈಗಲೇ ಯೋಚಿಸುತ್ತಿದ್ದೇನೆ, ಆ ಮಂಡೆಬಿಸಿ ನನ್ನದು.

ಬಾಗಿಲು ಹಾಕಿಲ್ಲ.

ಕೋಣೆ ಉಂಟು, ಆದರೆ ಈ ತಿಂಗಳು ಕೇಳುವವರು ಬಹಳ. ಮುಂಗಡ ಕಳುಹಿಸಿದವರಿಗೆ ಮಾತ್ರ ಇಡುತ್ತೇನೆ, ಯಾರಿಗೂ ವಿನಾಯಿತಿ ಇಲ್ಲ. ಬೇಗ ಮನಿಯಾರ್ಡರ್ ಮಾಡಿ, ತಡವಾದರೆ ಬೇರೆಯವರಿಗೆ ಕೊಟ್ಟುಬಿಡುತ್ತೇನೆ.

ವಸಂತಿ
ಮಾಲಕಿ, ಬೆಹ್ರಾಮ್ ವಿಶ್ರಾಂತಿಗೃಹ